ಬಿಬಿಸಿ ಮೈಕ್ರೋದಿಂದ ಧಾರವಾಡಕ್ಕೆ, ಫೋನ್ ತಂತಿಯ ಮೇಲೆ

1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಬಳಸಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಕಂಪ್ಯೂಟರನ್ನು. ಅಂಥದ್ದೊಂದು ಗುಜರಿ ಸೇರುವ ಮುನ್ನ ಹುಬ್ಬಳ್ಳಿಯ ನನ್ನ ಮನೆ ಸೇರಿತು. ಮಾಡೆಲ್ ಬಿ, ಮೆಮೊರಿ 32 ಕಿಲೋಬೈಟ್. ಜೊತೆಗೆ ಡಬ್ಬಿ ತುಂಬ ಕ್ಯಾಸೆಟ್‌ಗಳು. ಅವುಗಳಲ್ಲಿ ಮಕ್ಕಳು ಬೇಸಿಕ್ ಭಾಷೆಯಲ್ಲಿ ಬರೆದ ಮಗ್ಗಿ, ಬಡ್ಡಿ ಲೆಕ್ಕ, ಚಿತ್ರ ಬಿಡಿಸುವ ಪ್ರೋಗ್ರಾಂಗಳಿವೆ. ಟೇಪು ಹಾಳಾಗುವ ಮೊದಲು ಅವನ್ನೆಲ್ಲ ಧಾರವಾಡದಲ್ಲಿರುವ ಗೆಳೆಯನ ಲ್ಯಾಪ್‌ಟಾಪ್‌ಗೆ ಮುಟ್ಟಿಸಬೇಕಿತ್ತು.

ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟು ನೇರವಾಗಿ ಕೇಬಲ್ ಎಳೆದರೂ ಕೆಲಸ ಆಗುತ್ತಿತ್ತು. ಆದರೆ ಈ ಯಂತ್ರದಲ್ಲಿ ಕಳಿಸುವ ವೇಗವನ್ನೂ ಪಡೆಯುವ ವೇಗವನ್ನೂ ಬೇರೆ ಬೇರೆಯಾಗಿ ಇಡಬಹುದು. ಫೋನ್ ಮೂಲಕ ಪರದೆಗೆ ಮಾಹಿತಿ ಕೊಡುತ್ತಿದ್ದ ಬ್ರಿಟನ್ನಿನ ಪ್ರೆಸ್ಟೆಲ್ ಸೇವೆ ಇಂಥದ್ದೇ ಸಂಪರ್ಕ ಕೇಳುತ್ತಿತ್ತು: ಬರುವಾಗ ಸೆಕೆಂಡಿಗೆ 1200 ಬಿಟ್, ಹೋಗುವಾಗ 75. ಫೋನ್ ತಂತಿಗೂ ಅಣಿಯಾದ ಪೋರ್ಟನ್ನು, ಡೇಟಾವನ್ನು ಫೋನಿನ ದನಿಯಾಗಿಸುವ ಮೋಡೆಮ್ ಹಚ್ಚಿ, ಆ ತಂತಿಯ ಮೇಲೆಯೇ ದುಡಿಸಬೇಕೆಂಬುದು ನನ್ನ ಆಸೆ.

ಮೊದಲ ತೊಡಕು ಪ್ಲಗ್ಗಿನದು. ಡೇಟಾವನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ, ಹಿಂಬದಿಯ ಆರ್‌ಎಸ್‌423 ಸೀರಿಯಲ್ ಪೋರ್ಟಿನ ಐದು ರಂಧ್ರಗಳು ದಾಳದ ಐದು ಚುಕ್ಕೆಗಳಂತೆ ಇವೆ. ಕೊಪ್ಪಿಕರ್ ರಸ್ತೆಯ ಅಂಗಡಿಗಳಲ್ಲಿ ಸಿಕ್ಕಿದ್ದು ಹಳೆಯ ಟೇಪ್‌ರೆಕಾರ್ಡರಿಗೆ ಹಾಕುವ, ಅರ್ಧವೃತ್ತದಲ್ಲಿ ಪಿನ್‌ಗಳಿರುವ ಡಿನ್ ಪ್ಲಗ್. ಅದು ಇಲ್ಲಿ ಕೂರುವುದಿಲ್ಲ. ಸರಿಯಾದದ್ದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಂಡೆ. ಈ ಪ್ಲಗ್ ತಲೆಕೆಳಗಾಗಿಯೂ ಒಳಹೋಗುತ್ತದೆ. ಗ್ರೌಂಡ್ ನಡುವಿನ ಪಿನ್ನಿನಲ್ಲಿ ಇರುವುದರಿಂದ ಅದು ಮಾತ್ರ ಜಾಗ ಬದಲಿಸುವುದಿಲ್ಲ, ಉಳಿದ ನಾಲ್ಕೂ ಅದಲುಬದಲಾಗುತ್ತವೆ. ಬೆಸುಗೆ ಮುಗಿದ ಕೂಡಲೇ ಮೇಲ್ಭಾಗಕ್ಕೆ ಕೆಂಪು ಬಣ್ಣ ಹಚ್ಚಿದೆ.

ಆರ್‌ಎಸ್‌423ರ ವೋಲ್ಟೇಜು ಮೋಡೆಮ್ಮಿನ ಆರ್‌ಎಸ್‌232 ಪೋರ್ಟಿಗಿಂತ ಕಡಿಮೆ. ಆದರೂ ಕೇಬಲ್ ಗಿಡ್ಡವಿದ್ದರೆ ಎರಡೂ ಹೊಂದಿಕೊಳ್ಳುತ್ತವೆ. ಮೋಡೆಮ್ ಬದಿಯ 25 ಪಿನ್ ಕನೆಕ್ಟರಿನಲ್ಲಿ ಕಂಪ್ಯೂಟರಿನಿಂದ ಹೊರಡುವ ಡೇಟಾ 2ಕ್ಕೆ, ಒಳಬರುವುದು 3ಕ್ಕೆ, ‘ಕಳಿಸಲೇ’ ಎಂದು ಕೇಳುವ ಆರ್‌ಟಿಎಸ್ 4ಕ್ಕೆ, ‘ಕಳಿಸು’ ಎಂದು ಅಪ್ಪಣೆ ಕೊಡುವ ಸಿಟಿಎಸ್ 5ಕ್ಕೆ, ಗ್ರೌಂಡ್ 7ಕ್ಕೆ.

ಡೇಟಾದ ಎರಡು ತಂತಿ ಮತ್ತು ಗ್ರೌಂಡ್ ಇದ್ದರೆ ಸಾಕು ಎಂದು ಹಲವರು ಹೇಳುತ್ತಾರೆ. ಬಿಬಿಸಿ ಮೈಕ್ರೋದ ಮಟ್ಟಿಗೆ ಅದು ಸಾಲದು. ಸಿಟಿಎಸ್ ತಂತಿಯಲ್ಲಿ ಅಪ್ಪಣೆ ಬರದಿದ್ದರೆ ಅದು ಒಂದಕ್ಷರವನ್ನೂ ಕಳಿಸುವುದಿಲ್ಲ. ಅಕ್ಷರಗಳು ಸರದಿ ಕಾಯುವ ಬಫರ್ ತುಂಬಿದ ಮೇಲೆ ನಿಂತೇಬಿಡುತ್ತದೆ. ನೋಡಿದವರಿಗೆ ಯಂತ್ರ ಕೆಟ್ಟಿದೆ ಎನಿಸಬೇಕು, ಹಾಗೆ. ಇನ್ನೊಂದು ಬದಿಯಲ್ಲಿ ಮೋಡೆಮ್, ಕಂಪ್ಯೂಟರ್ ಸಿದ್ಧವಾಗಿದೆ ಎನ್ನುವ ಡಿಟಿಆರ್ ಸಂಕೇತಕ್ಕೆ ಕಾಯುತ್ತದೆ. ಬಿಬಿಸಿಯಲ್ಲಿ ಆ ಪಿನ್ನೇ ಇಲ್ಲ. ಹಾಗಾಗಿ ಕನೆಕ್ಟರಿನ ಒಳಗೆ 6 ಮತ್ತು 20ನೇ ಪಿನ್ನುಗಳನ್ನು ಸೇರಿಸಿದೆ. ‘ನಾನು ಸಿದ್ಧ’ ಎಂದು ಮೋಡೆಮ್ ತಾನೇ ಕೊಡುವ ಡಿಎಸ್‌ಆರ್ ಸಂಕೇತ ಡಿಟಿಆರ್ ಆಗಿ ಅದಕ್ಕೇ ಮರಳುತ್ತದೆ.

ಮೋಡೆಮ್ ಹಚ್ಚುವ ಮೊದಲು ಕೇಬಲ್ಲಿನ ತುದಿಯಲ್ಲಿ 2–3, 4–5 ಪಿನ್ನುಗಳನ್ನು ಜೋಡಿಸಿ, ಕಳಿಸಿದ್ದು ನನಗೇ ಮರಳುವಂತೆ ಮಾಡಿ ಪರೀಕ್ಷಿಸಿದೆ. ಪೋರ್ಟನ್ನು ಅಣಿಗೊಳಿಸುವ ಬಿಬಿಸಿಯ ಆದೇಶ ಸ್ಟಾರ್ ಎಫ್‌ಎಕ್ಸ್ (*FX). ಅದರ 7,4 ಮತ್ತು 8,4 ಎರಡೂ ದಿಕ್ಕಿಗೆ ಸೆಕೆಂಡಿಗೆ 1200 ಬಿಟ್ ವೇಗ ಕೊಡುತ್ತವೆ. 2,2 ಎಂದರೆ ಕೀಬೋರ್ಡ್ ಹಾಗೆಯೇ ಇದ್ದು ಸೀರಿಯಲ್ ಪೋರ್ಟೂ ಕೇಳಿಸಿಕೊಳ್ಳುತ್ತದೆ. 3,1 ಎಂದರೆ ಪರದೆಯ ಮೇಲಿನದೆಲ್ಲ ಪೋರ್ಟಿಗೂ ಹೋಗುತ್ತದೆ. ಒಂದು ಸಾಲು ಮುದ್ರಿಸಿ ಬೇಸಿಕ್ಕಿನ ‘ಎಡಿವಿಎಎಲ್(-2)’ ಕೇಳಿದರೆ, ಮರಳಿ ಬಂದು ಬಫರಿನಲ್ಲಿ ಕುಳಿತ ಅಕ್ಷರಗಳ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಸೊನ್ನೆಯಾಗಿರಲಿಲ್ಲ! ಕೇಬಲ್ ಗಟ್ಟಿ ಎಂದು ಅಷ್ಟರಿಂದಲೇ ಖಾತ್ರಿಯಾಯಿತು. ದೋಷವಿದ್ದರೆ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಫೋನ್ ಬದಿಯ ಜ್ಞಾನ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ನೆರೆಮನೆಯ ಕಾಕಾ ಅವರದು. ಮೀಟರ್ ಹಿಡಿದು, ರಿಸೀವರ್ ಇಟ್ಟಾಗ 48 ವೋಲ್ಟ್ ಇದೆಯೆಂದು ನೋಡಿದರು. “ತಮ್ಮಾ, ಪ್ಯಾರಲಲ್ ಫೋನ್ ತೆಗೆದುಹಾಕು. ಕಾಲ್ ವೇಟಿಂಗ್ ಇದ್ದರೆ ಅದನ್ನೂ ನಿಲ್ಲಿಸು, ನಡುವೆ ಬೀಪ್ ಬಂದರೆ ನಿನ್ನ ಸಂಪರ್ಕ ಕಡಿದುಹೋಗುತ್ತದೆ” ಎಂದರು. ಎರಡನ್ನೂ ಪಾಲಿಸಿದೆ.

ಕೀಲಿ ಒತ್ತಿದ್ದನ್ನು ಪೋರ್ಟಿಗೆ, ಪೋರ್ಟಿಗೆ ಬಂದದ್ದನ್ನು ಪರದೆಗೆ ಕೊಡುವ ಪುಟ್ಟ ಟರ್ಮಿನಲ್ ಪ್ರೋಗ್ರಾಂ ಬರೆದುಕೊಂಡೆ. ಮೋಡೆಮ್ಮಿಗೆ ಆದೇಶ ಕೊಡುವ ಎಟಿ ಅಕ್ಷರಗಳನ್ನು ಒತ್ತಿದಾಗ ಪರದೆಯ ಮೇಲೆ ಓಕೆ ಮೂಡಿತು. ಈ ಎಟಿ ಆದೇಶಗಳು ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ಮಿನ ಜೊತೆ 1981ರಲ್ಲಿ ಬಂದವು, ಬಿಬಿಸಿ ಮೈಕ್ರೋ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಓರಗೆಯವರು ನನ್ನ ಮೇಜಿನ ಮೇಲೆ ಮಾತಾಡಿದ್ದನ್ನು ಕಂಡು ಬಹಳ ಖುಷಿಯಾಯಿತು.

ಹುಬ್ಬಳ್ಳಿಗೂ ಧಾರವಾಡಕ್ಕೂ ಎಸ್‌ಟಿಡಿ ಕೋಡ್ ಒಂದೇ, 0836. ಬರೀ ಫೋನ್ ನಂಬರ್ ಕೊಟ್ಟರೆ ಸಾಕು. ಗೆಳೆಯ ತನ್ನ ಮೋಡೆಮ್ಮಿಗೆ ‘ಎಟಿಎಸ್0=1’ ಕೊಟ್ಟಿದ್ದ, ಮೊದಲ ರಿಂಗಿಗೇ ಅದು ಉತ್ತರಿಸಲಿ ಎಂದು. ನಾನು ವೇಗವನ್ನು 1200ಕ್ಕೆ, ಅಂದರೆ ವಿ.22 ಮಾನಕಕ್ಕೇ ಬಿಗಿದಿದ್ದೆ. ಹಳೆಯ ತಾಮ್ರದ ತಂತಿಯ ಗದ್ದಲದಲ್ಲಿ ನಿಧಾನದ ಸಂಪರ್ಕವೇ ಬಾಳುತ್ತದೆ.

ಪ್ರೋಗ್ರಾಂ ಕಳಿಸಲು ವಿಶೇಷ ಸಾಫ್ಟ್‌ವೇರ್ ಬೇಕಾಗಲಿಲ್ಲ. ಸಂಪರ್ಕವನ್ನು ಕಡಿಯದೆ ಟರ್ಮಿನಲ್ಲಿನಿಂದ ಹೊರಬಂದು, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಏರಿಸಿ, ಸ್ಟಾರ್ ಎಫ್‌ಎಕ್ಸ್ 3,1 ಕೊಟ್ಟು ಲಿಸ್ಟ್ ಎಂದರೆ ಅದು ಸಾದಾ ಪಠ್ಯವಾಗಿ ಹೊರಡುತ್ತದೆ. ಒಂದಕ್ಷರಕ್ಕೆ ಹತ್ತು ಬಿಟ್ ಬೇಕಾಗುವುದರಿಂದ ಸೆಕೆಂಡಿಗೆ 120 ಅಕ್ಷರ. ಆರು ಸಾವಿರ ಅಕ್ಷರದ ಪ್ರೋಗ್ರಾಂ 50 ಸೆಕೆಂಡಿನಲ್ಲಿ ಧಾರವಾಡದಲ್ಲಿರುತ್ತದೆ. ಬಿಬಿಸಿ ಸಾಲಿನ ಕೊನೆಗೆ ಕೆಳ ಸಾಲಿಗೆ ಇಳಿಸುವ ಲೈನ್‌ಫೀಡ್ ಸಂಕೇತವನ್ನು ಮೊದಲು, ಸಾಲಿನ ಆರಂಭಕ್ಕೆ ಒಯ್ಯುವ ಕ್ಯಾರೇಜ್ ರಿಟರ್ನನ್ನು ನಂತರ ಕಳಿಸುತ್ತದೆ. ಅದನ್ನು ಆ ಬದಿಯಲ್ಲಿ ಸರಿಪಡಿಸಿಕೊಳ್ಳಬೇಕು. ಈ ವಿಧಾನದಲ್ಲಿ ದೋಷ ಹಿಡಿಯುವ ವ್ಯವಸ್ಥೆ ಇಲ್ಲದ್ದರಿಂದ ಪ್ರತಿ ಪ್ರೋಗ್ರಾಂ ಅನ್ನು ಎರಡು ಸಲ ಕಳಿಸುತ್ತೇನೆ. ಎರಡೂ ಪ್ರತಿಗಳು ಅಕ್ಷರಕ್ಕಕ್ಷರ ಹೊಂದಿದರೆ ಮಾತ್ರ ಗೆಳೆಯ ಉಳಿಸಿಕೊಳ್ಳುತ್ತಾನೆ, ಇಲ್ಲದಿದ್ದರೆ ಮತ್ತೊಮ್ಮೆ ಲಿಸ್ಟ್.