ಡಬ್ಬಿಯೊಳಗಿನ ಹುಳ ಯಾವುದು? ಗುರುತಿಸುವುದು ಹೀಗೆ

ಅಕ್ಕಿಯಲ್ಲಿ ಹುಳ ಕಂಡರೆ ದಾವಣಗೆರೆ ಕಡೆ ಎಲ್ಲರೂ ಮಾಡುವುದು ಒಂದೇ ಕೆಲಸ. ತಾರಸಿ ಮೇಲೆ ಹರವಿ, ಸಂಜೆ ವಾಪಸ್ ತುಂಬಿಡುವುದು. ಬಿಸಿಲಿಗೆ ದೊಡ್ಡ ಹುಳಗಳು ಓಡಿಹೋಗುತ್ತವೆ ನಿಜ. ಕಾಳಿನ ಒಳಗಿರುವ ಮರಿಗಳು ಅಲ್ಲೇ ಉಳಿಯುತ್ತವೆ. ಕೆಲವೇ ವಾರಕ್ಕೆ ಮತ್ತೆ ಅದೇ ಕಾಟ. ಅದಕ್ಕೇ ಮೊದಲು ಹುಳ ಯಾವುದು ಅಂತ ನೋಡಿ.

ಹಂತ 1: ಕಾಳು ನೋಡಿ. ಹೆಸರುಕಾಳು, ಅಲಸಂದೆ, ಕಡಲೆ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡು, ಗುಂಡಗೆ ತೂತು ಬಿದ್ದಿದ್ದರೆ ಅದು ಬೇಳೆಕಾಳಿನ ಹುಳ. ಚುಕ್ಕೆಗಳೇ ಮೊಟ್ಟೆ. ಹಂತ 2, 3 ಬೇಕಿಲ್ಲ, ನೇರ ಹಂತ 4ಕ್ಕೆ ಹೋಗಿ.

ಹಂತ 2: ನಾಲ್ಕೈದು ಹುಳ ಹಿಡಿದು ಸಣ್ಣ ಬಾಟಲಿಗೆ ಹಾಕಿ, ಹತ್ತು ನಿಮಿಷ ಫ್ರೀಜರ್‌ನಲ್ಲಿಡಿ. ಓಡಾಟ ನಿಲ್ಲುತ್ತದೆ.

ಹಂತ 3: ಬಿಳಿ ಹಾಳೆ ಮೇಲೆ ಸುರಿದು ನೋಡಿ. ಜನ ಎಡವುವುದು ಇಲ್ಲೇ. ಚಿನ್ನದ ಕೆಲಸದವರು ಬಳಸುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತಗೊಳ್ಳಿ. ಮೊಬೈಲ್‌ಗೆ ಕ್ಲಿಪ್ ಹಾಕುವ ಅಗ್ಗದ ಲೆನ್ಸ್ ಬೇಡ, ಅಂಚೆಲ್ಲಾ ಮಸುಕಾಗುತ್ತದೆ.

ಮೊದಲು ಪಕ್ಕದಿಂದ ನೋಡಿ. ಮುಂದೆ ಉದ್ದ ಮೂತಿ ಚಾಚಿದ್ದರೆ ಅಕ್ಕಿಯ ಮೂತಿ ಹುಳ. ಬೆನ್ನ ಮೇಲೆ ನಾಲ್ಕು ಕೆಂಪು ಮಚ್ಚೆ ಇರುತ್ತವೆ. ಅಕ್ಕಿ, ಗೋಧಿ, ಜೋಳ, ಮೆಕ್ಕೆಜೋಳ ಎಲ್ಲದಕ್ಕೂ ಬರುತ್ತದೆ. ಹೆಣ್ಣು ಹುಳ ಕಾಳು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತು ಮುಚ್ಚಿಬಿಡುತ್ತದೆ. ಮೊರ, ಜರಡಿ ಯಾವುದರಿಂದಲೂ ಆ ಮೊಟ್ಟೆ ಹೋಗಲ್ಲ.

ಮೂತಿ ಇಲ್ಲವಾ? ಈಗ ಮೇಲಿನಿಂದ ನೋಡಿ, ತಲೆ ಕಾಣುತ್ತದಾ? ತಲೆ ಅಡಿಗೆ ಮಡಚಿಕೊಂಡು, ಮೈ ಉರುಳೆಯಂತಿದ್ದು, ಡಬ್ಬಿಯ ತಳದಲ್ಲಿ ಹಿಟ್ಟು ಉದುರಿದ್ದರೆ ಕಾಳು ಕೊರೆಯುವ ಹುಳ. ಖಾರದ ಪುಡಿ, ಧನಿಯಾದಲ್ಲಿ ಗೂನುಬೆನ್ನಿನ ಕಂದು ಹುಳ ಸಿಕ್ಕರೆ ಅದು ಸಿಗರೇಟ್ ಹುಳ, ತಂಬಾಕಿಗೂ ಅದೇ ಬೀಳುತ್ತದೆ. ರೆಕ್ಕೆಯ ಮೇಲೆ ಉದ್ದಕ್ಕೆ ಗೀರುಗಳಿದ್ದರೆ ಅದರದೇ ಹತ್ತಿರದ ಜಾತಿ. ಮನೆ ಮಟ್ಟಿಗೆ ಎರಡಕ್ಕೂ ಒಂದೇ ಮದ್ದು, ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕಂಡು, ಮೈ ಚಪ್ಪಟೆ ಇದ್ದರೆ ಸ್ವಲ್ಪ ತಾಳ್ಮೆ ಬೇಕು. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ. ಬೆನ್ನು ಮಿಂಚಿ ಅಂಚೇ ಕಾಣುವುದಿಲ್ಲ. ಹಾಳೆಗೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬೆಳಕು ಬಿಡಿ. ಒಣ ಬ್ರಷ್‌ನಿಂದ ಮೈಗಂಟಿದ ಹಿಟ್ಟು ಒರೆಸಿ, ಇಲ್ಲದಿದ್ದರೆ ಹಿಟ್ಟಿನ ಉಂಡೆಯೇ ಹಲ್ಲಿನ ಹಾಗೆ ಕಾಣುತ್ತದೆ. ಈಗ ತಲೆಗೂ ರೆಕ್ಕೆಗೂ ನಡುವಿನ ಭಾಗದ ಅಂಚು ನೋಡಿ. ಒಂದೊಂದು ಬದಿಗೆ ಆರಾರು ಹಲ್ಲಿದ್ದರೆ ಗರಗಸ ಹುಳ. ಸಣಕಲು ಮೈ, ಉದ್ದ 3 ಮಿ.ಮೀ. ಒಳಗೆ. ಅಂಚು ನುಣುಪಾಗಿ, ಮೈ ಕೆಂಗಂದು, ಉದ್ದ 3ರಿಂದ 4 ಮಿ.ಮೀ. ಇದ್ದರೆ ಹಿಟ್ಟಿನ ಹುಳ.

ಈ ಎರಡೂ ಗಟ್ಟಿ ಕಾಳಿಗಿಂತ ನುಚ್ಚು, ರವೆ, ಹಿಟ್ಟಿನಲ್ಲೇ ಜಾಸ್ತಿ ಬೆಳೆಯುತ್ತವೆ. ರಾಗಿಗೆ ಹುಳದ ಕಾಟ ಕಡಿಮೆ. ಅದನ್ನೇ ಹಿಟ್ಟು ಮಾಡಿಸಿ ತಿಂಗಳುಗಟ್ಟಲೆ ಇಡಬೇಡಿ. ಗರಗಸ ಹುಳ ಸಿಕ್ಕಿತು ಅಂದರೆ ಒಣದ್ರಾಕ್ಷಿ, ಬಿಸ್ಕತ್ ಪ್ಯಾಕೆಟ್‌ಗಳ ಮಡಿಕೆಯನ್ನೂ ಬಿಚ್ಚಿ ನೋಡಿ. ಹಿಟ್ಟಿನ ಹುಳ ಜಾಸ್ತಿಯಾದರೆ ಹಿಟ್ಟು ನಸುಗೆಂಪಾಗಿ ಘಾಟು ವಾಸನೆ ಬರುತ್ತದೆ. ಅದನ್ನು ಜರಡಿ ಹಿಡಿದು ರೊಟ್ಟಿ ಮಾಡಬೇಡಿ, ಎಸೆಯಿರಿ.

ಚೀಲದೊಳಗೆ ಒಂದು ಗುಳಿಗೆ ಇಟ್ಟರೆ ಸಾಕು ಅಂತ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ಆ ವಿಷಕ್ಕೆ ಪ್ರತಿಮದ್ದಿಲ್ಲ. ಜನ ಮಲಗುವ ಮನೆಯೊಳಗೆ ಅದು ಇರಲೇಬಾರದು. ಬೇವಿನ ಸೊಪ್ಪಿನಿಂದ ಅಪಾಯವಿಲ್ಲ, ಆದರೆ ಕಾಳಿನೊಳಗಿನ ಮರಿ ಅದರಿಂದ ಸಾಯಲ್ಲ.

ಹಂತ 4: ಕಾಳಿನೊಳಗೆ ಮರಿ ಬೆಳೆಯುವ ಹುಳವಾದರೆ (ಬೇಳೆಕಾಳಿನ ಹುಳ, ಮೂತಿ ಹುಳ, ಕಾಳು ಕೊರೆಯುವ ಹುಳ) ಸ್ವಲ್ಪ ಸ್ವಲ್ಪವೇ ಕವರಿಗೆ ಹಾಕಿ, ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ. ತಣ್ಣಗಿನ ಕಾಳಿಗೆ ನೀರು ಹನಿ ಕಟ್ಟಿ ಬೂಸ್ಟು ಹಿಡಿಯುತ್ತದೆ. ತಣುಪು ಪೂರ್ತಿ ಬಿಟ್ಟ ಮೇಲೆ ಬಿಚ್ಚಿ, ತೊಳೆದು ಒಣಗಿಸಿದ ಡಬ್ಬಿಗೆ ತುಂಬಿ.