ಕೂಸಿಗೆ ಕೌದಿ, ಕುಂಚಿಗೆ ಹೊಲಿಯುವಾಗ

ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಕೂಸಿನ ಕೌದಿಗೆಂದು ಹೊಸ ಬಟ್ಟೆ ಕೊಳ್ಳಬೇಡಿ. ವರ್ಷಗಟ್ಟಲೆ ಒಗೆಸಿಕೊಂಡು ಮೆತ್ತಗಾದ ನೂಲಿನ ಸೀರೆಗೆ, ಹಳೆಯ ಪಂಚೆಗೆ ಸಮನಾದದ್ದು ಅಂಗಡಿಯಲ್ಲಿ ಇಲ್ಲ. ಹೊಸದರಲ್ಲಿ ಗಂಜಿ ಇರುತ್ತದೆ, ಮೊದಲ ಒಗೆತಕ್ಕೆ ಕುಗ್ಗುತ್ತದೆ. ಮೇಲಿನ ಪದರ ಕುಗ್ಗಿ ಒಳಗಿನದು ಹಾಗೇ ಉಳಿದರೆ ಕೌದಿ ಕರಿದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹೊಸ ತುಂಡು ಸೇರಿಸಲೇಬೇಕೆಂದಿದ್ದರೆ ರಾತ್ರಿಯಿಡೀ ನೆನೆಸಿ, ಎರಡು ಸಲ ಒಗೆದು ಒಣಗಿಸಿದ ಮೇಲೆ ಕತ್ತರಿ ಮುಟ್ಟಿಸಿ.

ಹಳೆಯದೆಲ್ಲ ಒಳ್ಳೆಯದೆಂದೂ ಅಲ್ಲ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಕೂತೆದ್ದು ಸವೆಯುವ ಜಾಗ, ನೆಲಕ್ಕೆ ಉಜ್ಜುವ ಕೆಳದಡಿ ಮೊದಲು ಜಾಳಾಗಿರುತ್ತವೆ. ಎರಡು ಹೆಬ್ಬೆರಳಲ್ಲಿ ಹಿಡಿದು ಎಳೆದಾಗ ಚರ್ರೆಂದರೆ ಆ ಭಾಗ ಬಿಟ್ಟುಬಿಡಿ. ನೂಲೋ ಪಾಲಿಯೆಸ್ಟರೋ ಎಂಬ ಅನುಮಾನವಿದ್ದರೆ ಒಂದು ಎಳೆ ಸುಡಿ: ನೂಲು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದು ಉಚ್ಚೆ ಹೀರುವುದಿಲ್ಲ, ಬೆವರೂ ಹೀರುವುದಿಲ್ಲ, ಕೂಸಿನ ಬೆನ್ನು ಕೆಂಪಾಗುತ್ತದೆ. ಕೆಂಪು, ಕಪ್ಪು, ಗಾಢ ನೀಲಿ ತುಂಡುಗಳನ್ನು ಬಿಸಿನೀರಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇಡ.

ಇನ್ನೊಂದನ್ನು ಹಿರಿಯರೂ ಮರೆಯುತ್ತಾರೆ. ಟ್ರಂಕಿನ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟಿರುತ್ತಾರಲ್ಲ, ಆ ನಾಫ್ತಲೀನ್ ಬಟ್ಟೆಯಲ್ಲಿ ಉಳಿಯುತ್ತದೆ. ಹುಟ್ಟಿನಿಂದ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಯಾವ ಕೂಸಿಗೆ ಆ ಕೊರತೆ ಇದೆ ಎಂದು ಮುಖ ನೋಡಿ ಹೇಳಲಾಗದು. ಗುಳಿಗೆಯ ವಾಸನೆ ಬರುವ ಸೀರೆಯನ್ನು ದೊಡ್ಡವರ ಕೌದಿಗೆ ಇಟ್ಟುಕೊಳ್ಳಿ.

ಐದೂವರೆ ಮೀಟರಿನ ಒಂದು ಸೀರೆಯಲ್ಲಿ 36 ಇಂಚಿನ ಆರು ತುಂಡು ಬರುತ್ತವೆ, ಅಗಲ ಹೇಗೂ 45 ಇಂಚು. ಅಂಚಿಗೆ ಕತ್ತರಿಯಿಂದ ಸಣ್ಣ ಗಾಯ ಮಾಡಿ ಕೈಯಲ್ಲೇ ಹರಿಯಿರಿ. ಹರಿದ ಬಟ್ಟೆ ಎಳೆಗುಂಟ ನೇರ ಹೋಗುತ್ತದೆ. ಕತ್ತರಿ ಓರೆಯಾದರೆ ಆ ಬದಿ ಜಗ್ಗಿ ಮುಂದೆ ಕೌದಿ ತಿರುಚಿಕೊಳ್ಳುತ್ತದೆ. ಕೆಳಗೆ ಒಂದು, ಒಳಗೆ ಮೂರು, ಮೇಲೆ ಬಣ್ಣದ ಚಿಂದಿಗಳದೊಂದು ಪದರ, ಒಟ್ಟು ಐದು ಸಾಕು. ಹೆಚ್ಚಿಸಿದರೆ ಸೂಜಿ ಹೋಗುವುದಿಲ್ಲ, ಮಳೆಗಾಲದಲ್ಲಿ ಒಣಗುವುದಿಲ್ಲ, ಎಷ್ಟು ಒಗೆದರೂ ವಾಸನೆ ಉಳಿಯುತ್ತದೆ. ಒಳಪದರಗಳನ್ನು ಸುತ್ತಲೂ ಒಂದೊಂದು ಇಂಚು ಚಿಕ್ಕದು ಮಾಡಿ, ಇಲ್ಲದಿದ್ದರೆ ಮಡಚಿದ ಅಂಚು ಹಗ್ಗದಷ್ಟು ದಪ್ಪವಾಗಿ ಕೂಸಿಗೆ ಒತ್ತುತ್ತದೆ. ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸುವ ಬುದ್ಧಿವಂತಿಕೆ ಬೇಡ.

ಎಲ್ಲರೂ ಎಡವುವುದು ಗುಳ್ಳೆಯಲ್ಲಿ. ಅಂಚಿನಿಂದ ಒಳಗೆ ಹೊಲಿಯುತ್ತ ಬಂದಂತೆ ಮೇಲಿನ ಬಟ್ಟೆ ಕೂದಲೆಳೆಯಷ್ಟು ಸರಿಯುತ್ತದೆ, ಹತ್ತು ಸಾಲಾಗುವ ಹೊತ್ತಿಗೆ ನಡುವೆ ಹೊಟ್ಟೆ ಬಂದಿರುತ್ತದೆ. ಅದಕ್ಕೇ ಮೊದಲು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ನಾಲ್ಕು ಮೂಲೆಗೆ ಭಾರ ಇಟ್ಟು, ನಾಲ್ಕು ಬೆರಳಿಗೊಂದು ಸಾಲಿನಂತೆ, ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆ ಹಾಕಿ. ಈ ಕೆಲಸವನ್ನು ಮಂಚದ ಮೇಲೆ ಮಾಡಬೇಡಿ, ಹಾಸಿಗೆ ತಗ್ಗಿದಲ್ಲೆಲ್ಲ ಬಟ್ಟೆ ಸಡಿಲಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಬುಡಕಟ್ಟಿನ ಹೆಂಗಸರು ಈ ತೊಂದರೆಯನ್ನು ಬೇರೆ ದಾರಿಯಲ್ಲಿ ಗೆದ್ದಿದ್ದಾರೆ. ಅವರು ಮೇಲಿನ ಪದರವನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರುಮಾಡಿ ಚಿಂದಿಯ ಅಂಚು ಒಳಗೆ ಮಡಚುತ್ತ, ಒಂದೊಂದನ್ನೇ ಇಟ್ಟು ಹೊಲಿಯುತ್ತ, ಸುತ್ತು ಬರುತ್ತ ನಡುವಿಗೆ ಮುಟ್ಟುತ್ತಾರೆ. ಬಟ್ಟೆ ಹೆಚ್ಚಾದರೆ ಮುಂದಿನ ಚಿಂದಿಯಡಿ ಅಡಗಿಹೋಗುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಮುಕ್ಕೋನ, ಅವರು ಫೂಲ್ ಅನ್ನುವುದು, ಕೂರಿಸದೆ ಬಿಡುವುದಿಲ್ಲ. ಹೊಸಬರು ಕಚ್ಚಾ ಹೊಲಿಗೆಯನ್ನೇ ನಂಬುವುದು ಮೇಲು.

ಟಾಕು ಕಾಲಿಂಚು ಮೀರದಿರಲಿ, ಉದ್ದವಾದರೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಮುಗಿದಾಗ 34ಕ್ಕೆ 43 ಇಂಚು ಬರುವ ಕೌದಿಯಲ್ಲಿ ಹೊಲಿಗೆಯ ಉದ್ದವೇ 74 ಮೀಟರ್ ಆಗುತ್ತದೆ. ಮೇಲೆ ಕೆಳಗೆ ಹೋಗಿಬರುವುದು, ಗಂಟು ಎಲ್ಲ ಸೇರಿ ದಾರ 100 ಮೀಟರ್, ಎರಡೆಳೆಯಾದರೆ 200 ತಂದಿಟ್ಟುಕೊಳ್ಳಿ. ನಡುವೆ ದಾರ ಮುಗಿದು ಅದೇ ಬಣ್ಣ ಸಿಗದೆ ಪೇಚಾಡುವವರೇ ಹೆಚ್ಚು. ಸೂಜಿಗೆ ಒಂದು ಸಲಕ್ಕೆ ಎರಡು ಗೇಣು ದಾರ ಸಾಕು. ಸೋಮಾರಿತನಕ್ಕೆ ಉದ್ದ ಹಾಕಿದರೆ ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತುದಿಗೆ ಸವೆದಿರುತ್ತದೆ. ಗಂಟು ಪದರದೊಳಗೆ ಎಳೆದುಕೊಳ್ಳಲಿ. ಸಡಿಲ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳು ಊದುತ್ತದೆ, ಅದು ಅಳುವುದು ಯಾಕೆಂದು ಯಾರಿಗೂ ತಿಳಿಯದು. ಪ್ರತಿ ಒಗೆತದ ನಂತರ ಕೌದಿ ತಿರುಗಿಸಿ ನೋಡಿ.

ಕೌದಿ ಕೂಸಿನ ಕೆಳಗೆ ಹಾಸಲು. ವರ್ಷ ತುಂಬುವವರೆಗೆ ಮಲಗಿದ ಕೂಸಿನ ಮೇಲೆ ಹೊದಿಸಬೇಡಿ, ಮುಖಕ್ಕೆ ಜಾರಿದರೆ ಸರಿಸಿಕೊಳ್ಳಲು ಅದಕ್ಕೆ ಬಾರದು. ಸಾಸಿವೆ ದಿಂಬು ಹೊಲಿದುಕೊಡಿ ಎನ್ನುವವರಿಗೂ ಇದೇ ಮಾತು: ಆ ವಯಸ್ಸಿಗೆ ದಿಂಬೇ ಬೇಡ, ಹೊಲಿಗೆ ಬಿಚ್ಚಿದರೆ ಕಾಳು ಬಾಯಿಗೋ ಮೂಗಿಗೋ ಹೋಗುತ್ತದೆ.

ತೊಟ್ಟಿಲಿಗೆ ಹಾಕುವ ದಿನಕ್ಕೆ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ, ಕುಂಚಿಗೆಯೂ ಬೇಕಲ್ಲ. ಗುಳೇದಗುಡ್ಡದ ಖಣ ಎಂಬ ರವಿಕೆ ಬಟ್ಟೆ 16 ಇಂಚು ಅಗಲ, 24 ಉದ್ದ ತೆಗೆದುಕೊಂಡು ಅಗಲವನ್ನು ಎರಡಾಗಿ ಮಡಚಿ ಮೇಲಿನ ಬದಿ ಹೊಲಿಯಿರಿ. ಹಿಂದಿನ ಚೂಪು ಮೂಲೆಯನ್ನು ದುಂಡಗೆ ಹೊಲಿದರೆ ತಲೆಗೆ ಕೂರುತ್ತದೆ, ಉಳಿದದ್ದು ಬೆನ್ನಿಗೆ ಇಳಿಬೀಳುತ್ತದೆ. ಖಣದ ಹಿಂಬದಿಯಲ್ಲಿ ಎಳೆಗಳು ಬಿಟ್ಟುಕೊಂಡಿರುತ್ತವೆ, ಆದ್ದರಿಂದ ತೆಳು ನೂಲಿನ ಮಲ್ ಬಟ್ಟೆಯ ಅಸ್ತರು ಇಲ್ಲದೆ ತೊಡಿಸಬಾರದು. ಲಾಡಿ ಆರು ಇಂಚಿಗಿಂತ ಉದ್ದ ಬೇಡ. ಮಣಿ, ಗೆಜ್ಜೆ, ಚಮಕಿ ಬೇಕೆನಿಸಿದರೆ ಅವುಗಳ ಬದಲು ಅದೇ ಬಣ್ಣದ ದಾರದಲ್ಲಿ ಗಂಟಿನ ಹೂ ಹಾಕಿ. ಕೂಸು ನಿದ್ದೆಗೆ ಜಾರಿದ ಕೂಡಲೇ ಕುಂಚಿಗೆ ಬಿಚ್ಚಲು ಬಾಣಂತಿಗೆ ಹೇಳಿ.

ಉಡುಗೊರೆ ಕೊಡುವ ಮುಂಚೆ ಒಮ್ಮೆ ಒಗೆದು ಬಿಸಿಲಿಗೆ ಹಾಕಿ. ಉಳಿದ ಚಿಂದಿ, ದಾರದ ಉಂಡೆ ಎಸೆಯದೆ ಕೌದಿಯೊಳಗೇ ಸುತ್ತಿ ಕೊಡಿ, ಅಂಬೆಗಾಲಿಡುವ ಹೊತ್ತಿಗೆ ತೇಪೆ ಬೇಕಾಗುತ್ತದೆ.