ಭೃಗು ಸರೋವರದ ಚಾರಣಕ್ಕೆ ಹೊರಡುವ ಬಯಲುನಾಡಿನವರಿಗೆ

ಮನಾಲಿಯ ಮೇಲಿನ ಭೃಗು ಸರೋವರವು ಸಮುದ್ರಮಟ್ಟದಿಂದ 4,200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೆಳಗಾವಿ ಸುಮಾರು 750 ಮೀಟರಿನಲ್ಲಿದ್ದರೆ, ಬಾಗಲಕೋಟೆ ಮತ್ತು ವಿಜಯಪುರಗಳು ಅದಕ್ಕಿಂತ ತಗ್ಗಿನಲ್ಲಿವೆ. ಕಾಲಲ್ಲಿ ಬಲವಿದ್ದರೆ ಈ ಅಂತರವನ್ನು ಏರಬಹುದೆಂದು ನಮ್ಮ ಭಾಗದ ಅನೇಕ ಯುವಕರು ನಂಬುತ್ತಾರೆ. ಆದರೆ ಸರೋವರದ ದಂಡೆಯಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದ ಶೇ. 60ರಷ್ಟು ಮಾತ್ರ ಇರುವುದರಿಂದ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಮತ್ತು ಆ ಕೊರತೆಗೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳೇ ಬೇಕು. ಗರಡಿಮನೆಯಲ್ಲಿ ಬೆಳೆದ ಪೈಲ್ವಾನರಿಗೂ ಇದರಿಂದ ವಿನಾಯಿತಿ ಇಲ್ಲ.

ನಮ್ಮ ಶಾಲೆ ಕಾಲೇಜುಗಳ ಬೇಸಿಗೆ ರಜೆ ಈ ಚಾರಣಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಮೇ ತಿಂಗಳಲ್ಲಿ ಮೇಲಿನ ಇಳಿಜಾರುಗಳು ಸಾಮಾನ್ಯವಾಗಿ ಹಿಮದಿಂದ ಮುಚ್ಚಿರುತ್ತವೆ ಮತ್ತು ಸರೋವರ ಹೆಪ್ಪುಗಟ್ಟಿರುತ್ತದೆ. ಜುಲೈ ಮತ್ತು ಆಗಸ್ಟ್ ಮಳೆಯ ತಿಂಗಳುಗಳು. ನೀರನ್ನೂ ಸುತ್ತಲಿನ ಹುಲ್ಲುಗಾವಲನ್ನೂ ನೋಡಬೇಕೆನ್ನುವವರಿಗೆ ಸೆಪ್ಟೆಂಬರ್ ಒಳ್ಳೆಯದು. ದಸರೆ ಬೇಗ ಬಂದ ವರ್ಷ ಆ ರಜೆಯೂ ಹೊಂದುತ್ತದೆ, ಆದರೆ ರಾತ್ರಿಯ ಚಳಿ ಕಠಿಣವಾಗಿರುತ್ತದೆ.

ಕಾಲುಗಳ ತಯಾರಿಯನ್ನು ಎರಡು ತಿಂಗಳು ಮೊದಲೇ ಆರಂಭಿಸಬೇಕು. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡವಿದೆ. ಬಾಗಲಕೋಟೆಯವರು ಬಾದಾಮಿಯ ಉತ್ತರ ಕೋಟೆಯ ಕಲ್ಲಿನ ಮೆಟ್ಟಿಲುಗಳನ್ನು ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿ ಇಳಿಯಬಹುದು. ವಿಜಯಪುರದ ಸಮತಟ್ಟು ನೆಲದವರು ಎತ್ತರದ ಕಟ್ಟಡವೊಂದರ ಮೆಟ್ಟಿಲುಗಳನ್ನು ಆಶ್ರಯಿಸಬೇಕು. ಇಳಿಯುವ ಅಭ್ಯಾಸವನ್ನು ಬಿಡಬಾರದು, ಏಕೆಂದರೆ ಮೊಣಕಾಲು ಸೋಲುವುದು ಇಳಿಜಾರಿನಲ್ಲಿಯೇ.

ಪ್ರಯಾಣದ ದಿನಗಳನ್ನು ಹಂಚುವಾಗ ಹೆಚ್ಚಿನ ವಿವೇಚನೆ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರು ಒಪ್ಪಿರುವ ನಿಯಮ. ಮನಾಲಿ ಸುಮಾರು 2,050 ಮೀಟರಿನಲ್ಲಿದೆ. ಚಾರಣ ಆರಂಭವಾಗುವ ಗುಲಾಬಾ 3,000 ಮೀಟರಿನ ಆಸುಪಾಸಿನಲ್ಲಿದೆ. ಬಹುತೇಕ ತಂಡಗಳು ಡೇರೆ ಹಾಕುವ ರೋಲಾ ಖೋಲಿ ಸುಮಾರು 3,800 ಮೀಟರಿನಲ್ಲಿದೆ. ಗುಲಾಬಾದಿಂದ ಅಲ್ಲಿಗಿರುವ ಸುಮಾರು 800 ಮೀಟರಿನ ಏರಿಕೆ ಒಂದು ದಿನದ ಮಿತಿಯನ್ನು ಮೀರುತ್ತದೆ, ಅದನ್ನು ಎರಡು ದಿನಕ್ಕೆ ಹಂಚಬೇಕು. ಆದ್ದರಿಂದ ಮನಾಲಿಯಲ್ಲಿ ಎರಡು ರಾತ್ರಿ, ಗುಲಾಬಾದ ಬಳಿಯ ಹುಲ್ಲುಗಾವಲಿನಲ್ಲಿ ಎರಡು ರಾತ್ರಿ ಕಳೆದು, ನಡುವಿನ ಹಗಲಿನಲ್ಲಿ ಸ್ವಲ್ಪ ಮೇಲಕ್ಕೆ ನಡೆದು ಬಂದು, ಆಮೇಲೆ ರೋಲಾ ಖೋಲಿಗೆ ಹೋಗುವುದು ಕ್ಷೇಮ. ಅವಸರದ ಕಾರ್ಯಕ್ರಮ ಇಟ್ಟುಕೊಂಡ ತಂಡದೊಡನೆ ಹೋಗುವುದಕ್ಕಿಂತ ಹೋಗದಿರುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸರೋವರಕ್ಕೆ ನಸುಕಿನಲ್ಲೇ ಹೊರಟು ಅದೇ ದಿನ ಇಳಿದು ಬರಬೇಕು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಮೋಡ ಕವಿದು ಆಲಿಕಲ್ಲು, ಮಿಂಚು ಬರುವುದು ಸಾಮಾನ್ಯ. ದಾರಿ ಬಲ್ಲ ಸ್ಥಳೀಯ ಮಾರ್ಗದರ್ಶಕರಿಲ್ಲದೆ, ಮನಾಲಿಯಲ್ಲಿ ಪರವಾನಗಿಯ ವಿಷಯ ವಿಚಾರಿಸದೆ ಹೊರಡಬಾರದು.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಇವು ಕಂಡರೆ ಅಲ್ಲಿಯೇ ನಿಲ್ಲಬೇಕು, ಹೆಚ್ಚಾದರೆ ಇಳಿಯಬೇಕು. ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು ಮೆದುಳಿನಲ್ಲಿ ಊತ ಬಂದಿರುವುದರ ಸೂಚನೆ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಆಗ ಬೆಳಗಾಗಲಿ ಎಂದು ಕಾಯದೆ, ರಾತ್ರಿಯಾದರೂ ಜೊತೆಯವರು ರೋಗಿಯನ್ನು ಕೆಳಗೆ ಕರೆದೊಯ್ಯಬೇಕು. ಲಕ್ಷಣಗಳನ್ನು ಮುಚ್ಚಿಡುವವರೇ ಹೆಚ್ಚಾದ್ದರಿಂದ ಪ್ರತಿ ಸಂಜೆ ಪರಸ್ಪರ ವಿಚಾರಿಸುವುದು ಅಗತ್ಯ. ಅಸಿಟಜೋಲಮೈಡ್ ಮಾತ್ರೆ ಹೊಂದಾಣಿಕೆಗೆ ನೆರವಾಗುತ್ತದೆ, ಆದರೆ ಸಲ್ಫಾ ಔಷಧ ಒಗ್ಗದವರೂ ಬೇರೆ ಕಾಯಿಲೆಗಳಿರುವವರೂ ಇರುವುದರಿಂದ ಊರಲ್ಲೇ ವೈದ್ಯರನ್ನು ಕೇಳಿ ತೀರ್ಮಾನಿಸಬೇಕು.

ಬುತ್ತಿಯ ವಿಷಯದಲ್ಲಿ ನಾವು ಅದೃಷ್ಟವಂತರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗೋಕಾಕ ಅಥವಾ ಅಮೀನಗಡದ ಕರದಂಟು ಹಗುರವಾಗಿದ್ದು, ಬಹುದಿನ ಕೆಡದೆ, ಬೇಯಿಸದೆ ತಿನ್ನಲು ಸಿಗುತ್ತವೆ. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ, ಬೇಳೆ ಸರಿಯಾಗಿ ಬೇಯುವುದಿಲ್ಲ; ಕುಡಿಯುವ ನೀರನ್ನೂ ಮೂರು ನಿಮಿಷ ಕುದಿಸಬೇಕು. ಸಾವಿರ ಮೀಟರ್ ಏರಿದಂತೆಲ್ಲ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುವುದರಿಂದ ಒಂದೇ ದಪ್ಪ ಸ್ವೆಟರಿಗಿಂತ ಹಲವು ಪದರದ ಬಟ್ಟೆ ಮೇಲು. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಬನಿಯನ್ ಬೇಡ. ಕಪ್ಪು ಕನ್ನಡಕ, ರೇನ್‌ಕೋಟ್, ಟಾರ್ಚ್ ಇರಲೇಬೇಕು. ಸ್ಥಳೀಯರಿಗೆ ಸರೋವರ ಪವಿತ್ರವಾದುದು. ಅದರಲ್ಲಿ ಸೋಪು ಬಳಸಬಾರದು, ಒಯ್ದ ಪ್ಲಾಸ್ಟಿಕ್ಕನ್ನು ಹೊತ್ತು ತರಬೇಕು.

ಬೆಳಗಾವಿಯಿಂದ ದೆಹಲಿಯ ಹಜರತ್ ನಿಜಾಮುದ್ದೀನ್‌ಗೆ ಗೋವಾ ಎಕ್ಸ್‌ಪ್ರೆಸ್ ಇದೆ. ವಿಜಯಪುರದವರು ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬಹುದು. ದೆಹಲಿಯಿಂದ ಮನಾಲಿಗೆ ರಾತ್ರಿ ಬಸ್ಸುಗಳಿವೆ. ಹಿಂದಿರುಗುವ ಟಿಕೆಟ್ಟನ್ನು ಚಾರಣ ಮುಗಿಯುವ ದಿನಕ್ಕಿಂತ ಎರಡು ದಿನ ತಡವಾಗಿ ಕಾಯ್ದಿರಿಸಬೇಕು, ಏಕೆಂದರೆ ರೈಲು ತಪ್ಪುವ ಭಯವಿದ್ದಾಗ ತಲೆನೋವಿದ್ದರೂ ಜನ ಮೇಲಕ್ಕೆ ನಡೆದೇಬಿಡುತ್ತಾರೆ.